ಗುಡ್ಡಪ್ಪ ಪಾಚಿ ಕಾಯ್ದದ್ದು

ಹಾವೇರಿ ಕಡೆ ಒಂದು ಊರು. ಅಲ್ಲಿ ಹೊನ್ನವ್ವ ಅಂತ ಒಬ್ಬ ಹೆಣ್ಣುಮಗಳು, ಅವಳಿಗೆ ಗುಡ್ಡಪ್ಪ ಅಂತ ಒಬ್ಬನೇ ಮಗ. ಎತ್ತಿನಂಥ ಆಳು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ಅದೇ ಹೊನ್ನವ್ವನ ಹಣೆಬರಹ.

ಊರಾಚೆ ಭಾರ್ಗವಿ ಮೇಡಂ ಅನ್ನೋರು ತೊಟ್ಟಿಗಳಲ್ಲಿ ಪಾಚಿ ಬೆಳೆಸುತ್ತಿದ್ದರು. ಅದರ ಸತ್ವ ತೆಗೆದು ಮುಲಾಮು ಮಾಡಿ ಹಚ್ಚಿದರೆ ಮೊಡವೆ ವಾಸಿಯಾಗುತ್ತದೋ ಇಲ್ಲವೋ ಅಂತ ನೋಡುವುದು ಅವರ ಕೆಲಸ. ಹೊನ್ನವ್ವ ಅಲ್ಲಿ ಆಳು. ಒಂದು ದಿನ ಅವಳ ಸೊಂಟ ಹಿಡಿಯಿತು. ಇದ್ದ ಕೆಲಸ ಕೈತಪ್ಪೀತು ಅಂತ ಹೆದರಿ, ತನ್ನ ಬದಲು ಮಗನನ್ನು ಕಳಿಸಿದಳು.

ಮೊದಲ ದಿನ ಮೇಡಂ, ತೊಟ್ಟಿಯ ಮೇಲೆ ಕಣ್ಣಿಟ್ಟಿರು ಅಂದರು. ಗುಡ್ಡಪ್ಪ ಕಟ್ಟೆಯ ಮೇಲೆ ಬೋರಲು ಮಲಗಿ, ಒಂದು ಕಣ್ಣನ್ನು ನೀರಿಗೇ ಇಟ್ಟ. ಜಾರಿ ಒಳಗೆ ಬಿದ್ದ. ತೊಟ್ಟಿಯೆಲ್ಲ ರಾಡಿ.

ಹೊನ್ನವ್ವ ಹಣೆ ಚಚ್ಚಿಕೊಂಡಳು. "ಕಣ್ಣಿಡೋದಂದ್ರ ದೂರ ನಿಂತು ನೋಡೋದಲೇ. ಏನನ್ನೂ ಮುಟ್ಟಬ್ಯಾಡ."

ಮರುದಿನ ಪಾಚಿಯನ್ನು ಬಟ್ಟೆಯ ಮೇಲೆ ಒಣಹಾಕಿದ್ದರು. ಆಡುಗಳು ನುಗ್ಗಿದವು. ಗುಡ್ಡಪ್ಪ ದೂರ ನಿಂತು ನೋಡಿದ. ಏನನ್ನೂ ಮುಟ್ಟಲಿಲ್ಲ. ಮೇಡಂ ಬಂದು ಕೇಳಿದರೆ, ಎರಡು ಆಡು, ಒಂದು ಮರಿ, ಹೊಟ್ಟೆತುಂಬ ತಿಂದವು ಅಂತ ಸರಿಯಾಗೇ ಲೆಕ್ಕ ಒಪ್ಪಿಸಿದ.

ಹೊನ್ನವ್ವ ಸೊಂಟ ಹಿಡಿದುಕೊಂಡೇ ಹೋಗಿ ಮೇಡಂ ಕಾಲು ಹಿಡಿದಳು. ಮನೆಗೆ ಬಂದು ಮಗನಿಗೆ ಬೈದಳು. ಯಾರು ಬಂದರೂ ಬಡಿಗೆ ತಗೊಂಡು ಓಡಿಸು ಅಂದಳು.

ಮೂರನೇ ದಿನ ಮುಲಾಮು ಹಚ್ಚಿಸಿಕೊಳ್ಳೋಕೆ ಕಾಲೇಜಿನಿಂದ ಹದಿನೆಂಟು ಮಂದಿ ಮೊಡವೆಯವರು ಬಂದರು. ಗುಡ್ಡಪ್ಪ ಅವರನ್ನು ಬಸ್ ನಿಲ್ದಾಣದ ತನಕ ಅಟ್ಟಿಸಿಕೊಂಡು ಹೋದ.

ಹೊನ್ನವ್ವನಿಗೆ ಅಳುವುದಕ್ಕೂ ತ್ರಾಣವಿರಲಿಲ್ಲ. "ನಿನ್ನ ಹಡೆದು ನಾ ಏನು ಸುಖ ಕಂಡೆ? ಮೊಡವಿ ಇದ್ದೋರು ದೇವರಿದ್ಧಂಗ. ಕೈಮುಗಿದು ಕರಿ, ಕುರ್ಚಿ ಹಾಕು. ಅರ್ಧ ಮುಖಕ್ಕ ಹಚ್ಚಬೇಕಂತ, ಇನ್ನರ್ಧ ಹಂಗ ಬಿಡಬೇಕಂತ, ಫರಕು ತಿಳೀಲಿ ಅಂತ. ಒಣಗೋತನಕ ಏಳಾಕ ಬಿಡಬ್ಯಾಡ."

ನಾಲ್ಕನೇ ದಿನ, ಮೇಡಂ ಕೆಲಸ ಮುಂದುವರಿಯಬೇಕೋ ನಿಲ್ಲಬೇಕೋ ಅಂತ ತೀರ್ಮಾನ ಮಾಡುವ ದೊಡ್ಡ ಸಾಹೇಬರು ಬರೋರಿದ್ದರು. ಎದುರುಗೊಳ್ಳಲು ಮೇಡಂ ಡಾಂಬರು ರಸ್ತೆಗೆ ಹೋದರು. ಸಾಹೇಬರು ಕಾಲುವೆ ದಾರಿಯಿಂದ ಬಂದುಬಿಟ್ಟರು. ಅವರ ಮೂಗಿನ ತುದಿಗೆ ಒಂದು ಮೊಡವೆ.

ಇತ್ತ ಹೊನ್ನವ್ವನಿಗೆ ಮನೆಯಲ್ಲಿ ಜೀವ ನಿಲ್ಲಲಿಲ್ಲ. ಕೋಲೂರಿಕೊಂಡು ತೊಟ್ಟಿಗಳ ಹತ್ತಿರ ಬಂದು ನೋಡಿದಳು. ಉರಿಬಿಸಿಲಿನಲ್ಲಿ ಕುರ್ಚಿ. ಕುರ್ಚಿಗೆ ಪಾಚಿ ಸೋಸುವ ಬಟ್ಟೆಯಿಂದ ಬಿಗಿದ ಸಾಹೇಬರು. ಅವರ ಅರ್ಧ ಮುಖ ಹಸಿರು, ಅರ್ಧ ಮೀಸೆ ಹಸಿರು. ಗುಡ್ಡಪ್ಪ ಮೊರದಿಂದ ಗಾಳಿ ಬೀಸುತ್ತಿದ್ದಾನೆ.

ಹೊನ್ನವ್ವ ಕೋಲೆತ್ತಿದಳು. "ಬಿಚ್ಚಲೇ ಅವರನ್ನ," ಅಂದಳು.

ಗುಡ್ಡಪ್ಪ ಸಾಹೇಬರ ಮೂಗಿಗೆ ಬೆರಳು ತಾಗಿಸಿ ನೋಡಿ, "ತಡಿಯವ್ವ," ಅಂದ. "ಇನ್ನೂ ಹಸಿ ಐತಿ."