ತಣ್ಣನೆಯ ಬಾನೆಟ್ಟು

ಹಳೆ ಕಾರು ಮಾರುವ ಅಂಗಳದಲ್ಲಿ ಬೂದು ಕಾರಿಗೆ ಅದು ಕೊನೆಯ ದಿನ. ಇಂದೂ ಯಾರೂ ಕೊಳ್ಳದಿದ್ದರೆ ನಾಳೆ ಗುಜರಿಗೆ.

ಪಕ್ಕದ ಕೆಂಪು ಕಾರು ಹಂಗಿಸಿತು: "ನನ್ನ ಮೆರುಗು ನೋಡಜ್ಜ. ದಲ್ಲಾಳಿ ಬೆಳಗ್ಗೆಯೇ ಎಂಜಿನ್ ಬಿಸಿ ಮಾಡಿಟ್ಟಿದ್ದಾನೆ. ಕೀಲಿ ತಾಗಿದರೆ ಸಾಕು, ಗುಡುಗುತ್ತೇನೆ."

"ತಣ್ಣಗಾದ ಮೇಲೆ?" ಎಂದಿತು ಬೂದು ಕಾರು.

ಕೆಂಪು ಕಾರು ಮಾತು ತಿರುಗಿಸಿತು: "ಅಗೋ, ಗಿರಾಕಿ ಬಂದಳು."

ಕಾಲೇಜು ಹುಡುಗಿ ವಾರಿಜಾ ಬಂದಳು. ಕೀಲಿ ಕೇಳುವ ಮೊದಲು ಎರಡೂ ಬಾನೆಟ್ಟುಗಳ ಮೇಲೆ ಅಂಗೈಯಿಟ್ಟಳು. ಕೆಂಪು ಕಾರಿನದು ಬಿಸಿಯಾಗಿತ್ತು.

"ಬೆಳಗ್ಗೆ ನಾನು ಕಾಲೇಜಿಗೆ ಹೊರಡುವಾಗ ಇದನ್ನು ಯಾರು ಬಿಸಿ ಮಾಡಿಕೊಡುತ್ತಾರಣ್ಣ?" ಎಂದು ದಲ್ಲಾಳಿಯನ್ನು ಕೇಳಿದಳು.

ತಣ್ಣಗಿದ್ದ ಬೂದು ಕಾರು ಒಂದೇ ಕೀಲಿಗೆ ಸ್ಟಾರ್ಟ್ ಆಯಿತು. ಅವಳು ಸೀಟಿಗೆ ಒರಗಿ, "ಬೆನ್ನಿಗೂ ಹಿತವಾಗಿದೆ, ಇದೇ ಇರಲಿ" ಎಂದಳು.

ಬೂದು ಕಾರು ಗೇಟು ದಾಟುವಾಗ, "ಗಟ್ಟಿಗ ಕಣಜ್ಜ ನೀನು" ಎಂದಿತು ಕೆಂಪು ಕಾರು. ಅದರ ಬಾನೆಟ್ಟು ಆಗಲೇ ಆರುತ್ತಿತ್ತು.