ನದಿ ದಾಟಿದ ನೇಕಾರ

"ಗುರುಗಳೇ, ವ್ಯಾಪಾರ ಕುಸಿದು ಜನ ಕಂಗಾಲಾಗಿರುವಾಗ ಎಲ್ಲರನ್ನೂ ಕೇಳಿ ಆಳುವವನು ಮೇಲೋ, ಯಾರನ್ನೂ ಕೇಳದೆ ಆಳುವವನು ಮೇಲೋ?"

ಶಿಷ್ಯ ಗುರುಸಿದ್ಧ ಊರಿನ ಸಭೆಯಿಂದ ನೇರವಾಗಿ ಬಂದಿದ್ದ. ಅಂದಿನ ಸಭೆಯೂ ಯಾವ ತೀರ್ಮಾನವಿಲ್ಲದೆ ಮುಗಿದಿತ್ತು. ಅವನಿಗೆ ರೋಸಿಹೋಗಿತ್ತು. ಗುರುಗಳು ಅವನನ್ನು ಕೂರಿಸಿ ಈ ಕತೆ ಹೇಳಿದರು.

ಒಂದು ನದಿಯ ಎರಡು ದಡಗಳಲ್ಲಿ ನೇಕಾರರ ಎರಡು ಪಟ್ಟಣಗಳಿದ್ದವು. ಅಲ್ಲಿ ನೇಯ್ದ ಬಟ್ಟೆಯೆಲ್ಲ ಕಡಲಾಚೆಗೆ ಹೋಗುತ್ತಿತ್ತು. ಒಂದು ವರ್ಷ ಹಡಗುಗಳು ಬರಲಿಲ್ಲ. ಕಡಲಾಚೆಯವರಿಗೂ ಕೊಳ್ಳುವ ಶಕ್ತಿ ಉಳಿದಿರಲಿಲ್ಲ. ಎರಡೂ ಪಟ್ಟಣಗಳಲ್ಲಿ ಮಗ್ಗಗಳು ನಿಂತವು.

ಪೂರ್ವದ ಪಟ್ಟಣಕ್ಕೆ ಜನರೇ ಆರಿಸಿದ ಒಬ್ಬ ಯಜಮಾನನಿದ್ದ. ಖರ್ಚು ಉಳಿಯಲೆಂದು ಅವನು ಊರಿನ ಕೆಲಸಗಳನ್ನೆಲ್ಲ ನಿಲ್ಲಿಸಿದ. ಅದರಿಂದ ಇನ್ನಷ್ಟು ಮನೆಗಳ ಒಲೆ ಆರಿತು. ಜನ ಬೈದರು. ಅವನು ಸಭೆ ಕರೆದ. ಮತ್ತೆ ಬೈದರು, ಮತ್ತೆ ಕರೆದ.

ಆ ಊರಿನ ಒಬ್ಬ ನೇಕಾರ ಒಂಬತ್ತು ಸಭೆಗಳಲ್ಲಿ ಕೂತ. ಮನೆಯಲ್ಲಿ ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಗಂಜಿ ನೀರು ಕುಡಿದು ಮಲಗುತ್ತಿದ್ದರು. ಒಂಬತ್ತನೆಯ ಸಭೆಯಲ್ಲಿ ಅವನು ಎದ್ದು ನಿಂತು ಕೂಗಿದ.

"ಸಾಕು ಯಜಮಾನರೇ! ಮಾತು ಕೇಳಿ ಕೇಳಿ ತಲೆ ಸಿಡಿಯುತ್ತಿದೆ. ಏನು ಮಾಡಬೇಕೆಂದು ನಿಮಗೆ ಗೊತ್ತೋ ಇಲ್ಲವೋ?"

"ಗೊತ್ತಿಲ್ಲಪ್ಪಾ," ಎಂದ ಯಜಮಾನ. "ಮಾಡಿದ್ದು ತಪ್ಪೆಂದು ಮಾತ್ರ ಗೊತ್ತಾಗಿದೆ."

ನೇಕಾರನಿಗೆ ಮೈಯೆಲ್ಲ ಉರಿಯಿತು. ಮರುದಿನವೇ ಹೆಂಡತಿ ಮಕ್ಕಳನ್ನು ಕರೆದುಕೊಂಡು ನದಿ ದಾಟಿದ.

ಪಶ್ಚಿಮದ ಪಟ್ಟಣವನ್ನು ಒಬ್ಬ ದಳಪತಿ ಆಳುತ್ತಿದ್ದ. ಅಲ್ಲಿ ಸಭೆಗಳಿರಲಿಲ್ಲ. ಹೋದ ದಿನವೇ ನೇಕಾರನಿಗೆ ಮಗ್ಗ ಕೊಟ್ಟರು. ಸಂಜೆ ರಾಗಿ ಕೊಟ್ಟರು. ಎಷ್ಟೋ ತಿಂಗಳ ನಂತರ ಮಕ್ಕಳು ಹೊಟ್ಟೆ ತುಂಬ ಉಂಡರು. ಹೆಂಡತಿ ಸಂತೋಷಕ್ಕೆ ಅತ್ತಳು. ಇಂಥ ಊರನ್ನು ಬಿಟ್ಟು ಅಲ್ಲಿ ಯಾಕಾದರೂ ಕೂತಿದ್ದೆನೋ ಎಂದು ನೇಕಾರ ತನ್ನನ್ನೇ ಹಳಿದುಕೊಂಡ.

ಅಲ್ಲಿ ನೇಯುತ್ತಿದ್ದ ಬಟ್ಟೆಯೆಲ್ಲ ಮಣ್ಣಿನ ಬಣ್ಣದ್ದು. ಅದನ್ನು ಕೊಳ್ಳಲು ಯಾರೂ ಬರುತ್ತಿರಲಿಲ್ಲ. ಯಾರಿಗಾಗಿ ನೇಯುತ್ತಿದ್ದೇವೆ ಎಂದು ಅವನು ಪಕ್ಕದ ಮಗ್ಗದವನನ್ನು ಕೇಳಿದ. "ಹೀಗೆ ಕೇಳಿದವರು ಕಲ್ಲುಗಣಿಯಲ್ಲಿದ್ದಾರೆ," ಎಂದು ಅವನು ತಲೆಯೆತ್ತದೆ ನೇಯುತ್ತಾ ಹೋದ.

ಎರಡು ವರ್ಷಕ್ಕೆ ಕಣಜಗಳು ಬರಿದಾದವು. ದಳಪತಿ ಡಂಗುರ ಹೊಡೆಸಿದ: ನಮ್ಮ ಹಡಗುಗಳನ್ನು ತಡೆದವರು ಪೂರ್ವದ ದಡದವರು, ನಮ್ಮ ಕಷ್ಟಕ್ಕೆಲ್ಲ ಅವರೇ ಕಾರಣ. ಮರುದಿನ ನೇಕಾರರಿಗೆಲ್ಲ ಅವರೇ ನೇಯ್ದ ಬಟ್ಟೆಯ ಅಂಗಿ ತೊಡಿಸಿ ಕೈಗೆ ಈಟಿ ಕೊಟ್ಟರು.

ನೇಕಾರ ಈಟಿ ಹಂಚುತ್ತಿದ್ದ ಅಧಿಕಾರಿಯ ಮುಂದೆ ನಿಂತ. "ಸ್ವಾಮಿ, ನಾನು ಆ ಊರಿನವನು. ಅಲ್ಲಿಗೂ ಒಂದೇ ಒಂದು ಹಡಗೂ ಬಂದಿರಲಿಲ್ಲ. ಇದನ್ನು ಯಾರಿಗೆ ಹೇಳಲಿ?"

ಅಧಿಕಾರಿ ಅವನನ್ನು ದೋಣಿಗೆ ತಳ್ಳಿದ.

ಯುದ್ಧ ಮೂರು ದಿನ ನಡೆಯಿತು. ನೇಕಾರನ ಒಂದು ಕಾಲು ಹೋಯಿತು. ಅವನು ತನ್ನ ಹಳೆಯ ಊರಿನಲ್ಲೇ ಸೆರೆಯಾದ. ಅಲ್ಲಿ ಜನ ಆ ಯಜಮಾನನನ್ನು ಇಳಿಸಿದ್ದರು. ಹೊಸಬನೂ ಒಂದೆರಡು ಸಲ ಎಡವಿ ಬೈಸಿಕೊಂಡಿದ್ದ. ಕೊನೆಗೆ ಕಾಲುವೆ ತೋಡಿಸಿ ಕೂಲಿ ಕೊಟ್ಟ. ಒಳನಾಡಿನ ಹಳ್ಳಿಗಳಿಗೆ ಬೇಕಾದ ಒರಟು ಬಟ್ಟೆ ನೇಯಿಸಿದ. ಅರ್ಧದಷ್ಟು ಮಗ್ಗಗಳು ಮತ್ತೆ ಓಡುತ್ತಿದ್ದವು. ಉಳಿದರ್ಧಕ್ಕಾಗಿ ಜಗಳ ನಡೆದೇ ಇತ್ತು.

ನೇಕಾರನನ್ನು ಏನು ಮಾಡಬೇಕೆಂದು ಊರಿನವರು ಒಂದು ಹಗಲೆಲ್ಲ ಕಚ್ಚಾಡಿ, ಅವನನ್ನು ಉಳಿಸಿಕೊಂಡು ನೂಲು ಸುತ್ತುವ ಕೆಲಸ ಕೊಟ್ಟರು. ಹೆಂಡತಿ ಮಕ್ಕಳು ಆಚೆ ದಡದಲ್ಲೇ ಉಳಿದರು. ಅವರ ಸುದ್ದಿ ಮತ್ತೆ ಬರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು.

"ಹಾಗಾದರೆ," ಎಂದ ಗುರುಸಿದ್ಧ, "ಪೂರ್ವದ ಯಜಮಾನನೇ ಹೆಚ್ಚು ತಿಳಿದವನು ಎಂದಾಯಿತು."

ಗುರುಗಳು ಹಣೆ ಒತ್ತಿಕೊಂಡರು.

"ಅಲ್ಲವೋ, ದಾರಿ ಇಬ್ಬರಿಗೂ ತಿಳಿದಿರಲಿಲ್ಲ; ದಾರಿ ತಪ್ಪಿದೆ ಎಂದು ಮುಖದ ಮೇಲೆ ಕೂಗುವ ಜನ ಒಬ್ಬನಿಗೆ ಮಾತ್ರ ಉಳಿದಿದ್ದರು."