ದುರುಗವ್ವನ ಪ್ರಶ್ನೆ

ಹೊಳೆಯ ಎರಡು ದಡಗಳಲ್ಲಿ ಎರಡು ಊರು. ಹೊಡೆದಾಡಿಕೊಂಡು, ಒಬ್ಬರ ಮನೆಗೆ ಒಬ್ಬರು ಬೆಂಕಿ ಇಟ್ಟುಕೊಂಡು, ಈಗಷ್ಟೇ ಸುಮ್ಮನಾಗಿದ್ದವು. ಇನ್ನು ನ್ಯಾಯ ಹೇಗೆ ಮಾಡಬೇಕು ಎಂದು ನಾಡಿನ ಒಡೆಯ ಆಶ್ರಮದ ಗುರುಗಳನ್ನು ಕೇಳಿದ.

ನೊಂದವರನ್ನು ವಿಚಾರಿಸಿ ಬರಲು ಗುರುಗಳು ಶಿಷ್ಯ ಪಂಪಣ್ಣನನ್ನು ಕಳಿಸಿದರು.

ಪಂಪಣ್ಣನಿಗೆ ಹಿಗ್ಗೋ ಹಿಗ್ಗು. ಮೊದಲು ಕೈ ಎತ್ತಿದವರು ಯಾರು, ಬೆಂಕಿ ಇಟ್ಟವರು ಯಾರು ಎಂದು ದಾರಿಯುದ್ದಕ್ಕೂ ಪ್ರಶ್ನೆಗಳನ್ನು ಬಾಯಿಪಾಠ ಮಾಡಿಕೊಂಡೇ ಹೋದ. ಸಂಜೆ ಮುಖ ಸಣ್ಣದು ಮಾಡಿಕೊಂಡು ಬಂದ.

“ಆಚೆ ದಡದವರು ಬಾಗಿಲನ್ನೇ ತೆರೆಯಲಿಲ್ಲ, ಗುರುಗಳೇ. ಈಚೆ ಊರಿನಲ್ಲಿ ದುರುಗವ್ವ ಅಂತ, ಗಂಡನನ್ನು ಕಳಕೊಂಡವಳು, ಕೂರಿಸಿ ಮಜ್ಜಿಗೆ ಕೊಟ್ಟಳು. ಬಾಯಿ ಮಾತ್ರ ಬಿಡಲಿಲ್ಲ.”

“ಆಕೆ ನಿನ್ನನ್ನು ಏನು ಕೇಳಿದಳು?”

“ನನ್ನನ್ನೇ? ಕೇಳಲು ಹೋದವನು ನಾನಲ್ಲವೇ?”

ಗುರುಗಳು ಬೆಳಗಾಗುತ್ತಲೇ ಅವನ ಹೆಗಲು ಹಿಡಿದು, ಮತ್ತೆ ದುರುಗವ್ವನ ಊರಿನ ಕಡೆ ತಿರುಗಿಸಿ ನಿಲ್ಲಿಸಿದರು.

ಆಕೆಯ ಅಂಗಳದಲ್ಲಿ ಪಂಪಣ್ಣ ಕೂತ. ಬಾಯಿಪಾಠ ಮಾಡಿದ್ದನ್ನೆಲ್ಲ ಬಿಟ್ಟು ಕೇಳಿದ.

“ಅವ್ವಾ, ನಿಮಗೇನು ತಿಳಿಯಬೇಕು?”

ಮಸಿ ಹಿಡಿದ ಗಡಿಗೆ ತಿಕ್ಕುತ್ತಿದ್ದ ದುರುಗವ್ವನ ಕೈ ನಿಂತಿತು.

“ನನ್ನ ಗಂಡ ಆಚಿ ದಂಡಿಗೆ ಬಿದ್ದು ಸತ್ತ, ತಮ್ಮಾ. ಜೀವ ಹೋಗೂ ಮುಂದ ಅವನ ಬಾಯಿಗೆ ಯಾರಾರ ನೀರು ಬಿಟ್ರೇನು? ಅದನ್ನ ಯಾರೂ ಕೇಳವಲ್ರು.”

ಪಂಪಣ್ಣ ಎದ್ದು ನಿಂತ. “ನಾನು ಹೋಗಿ ಕೇಳಿಕೊಂಡು ಬರ್ತೀನಿ, ಅವ್ವಾ.”

“ನೀ ಯಾಕ ಕೇಳ್ತಿ? ಗಂಡ ನನ್ನವ. ನಾನ ಕೇಳ್ತೀನಿ. ನೀ ಹರಿಗೋಲು ಹಾಕು.”

ಸಂಜೆ ಅವನು ಬಂದಾಗ ಗುರುಗಳು ದಾರಿ ಕಾಯುತ್ತಾ ಚಾಪೆಯ ಮೇಲೆ ಕೂತಿದ್ದರು. ಅವರಿಗೂ ಕುತೂಹಲ ತಡೆಯದು.

“ಬಾಗಿಲು ತೆರೆಯಿತೇ?”

“ಆಕೆಯ ದನಿಗೆ ತೆರೆಯಿತು, ಗುರುಗಳೇ. ಒಬ್ಬ ಮುದುಕಿ ಹೊರಗೆ ಬಂದಳು. ನೀರು ಬಿಟ್ಟವಳು ತಾನೇ ಅಂದಳು. ತನ್ನ ಮಗ ಈಚೆ ದಡದಲ್ಲಿ ಹೇಗೆ ಹೋದ ಅಂತ ಅವಳೂ ಕೇಳಿದಳು. ದುರುಗವ್ವ ಗೊತ್ತಿದ್ದಷ್ಟು ಹೇಳಿದಳು. ಇಬ್ಬರೂ ಕೂತು ಅತ್ತರು. ಆಮೇಲೆ ಅಕ್ಕಪಕ್ಕದ ಬಾಗಿಲುಗಳೂ ತೆರೆದವು. ನಾನು ಹರಿಗೋಲಿನ ಹಗ್ಗ ಹಿಡಿದು ನಿಂತಿದ್ದೆ, ಅಷ್ಟೇ.”

ಇಷ್ಟು ಹೇಳಿ ಅವನೇ ಕೇಳಿದ.

“ನಾಳೆ ಒಡೆಯರು ಬರುತ್ತಾರೆ. ಇದನ್ನೆಲ್ಲ ಅವರಿಗೆ ನಾನು ಹೇಗೆ ಹೇಳಲಿ?”

ಗುರುಗಳು ಎದ್ದು, ತಾವು ಕೂತಿದ್ದ ಚಾಪೆಯನ್ನು ಕೊಡವಿ, ಒಡೆಯನಿಗೆಂದು ಹಾಸಿದ್ದ ಜಮಖಾನೆಯ ಎದುರಿಗೆ ಹಾಸಿದರು.

“ಬೆಳಿಗ್ಗೆ ಇನ್ನೊಮ್ಮೆ ಹರಿಗೋಲು ಹಾಕು. ದುರುಗವ್ವನನ್ನೂ ಆ ಮುದುಕಿಯನ್ನೂ ಕರೆದುಕೊಂಡು ಬಂದು ಇದರ ಮೇಲೆ ಕೂರಿಸು. ನಾವಿಬ್ಬರೂ ಹಿಂದೆ ಕೂತು ಕೇಳೋಣ.”